ಐಸಿನ ಚಾಕು ಕರಗುವವರೆಗೆ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಬರೆಯುವುದು.

ಮೊನ್ನೆ ಫೋನಿನಲ್ಲಿ ನೀನು ಅಳುವುದೊಂದು ಬಾಕಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಗಣೇಶನ ಮದುವೆ’ ಹಾಕಿದೆಯಂತೆ, ಅರ್ಧ ಗಂಟೆಗೇ ಅವನು “ಇದರಲ್ಲಿ ನಗೋದು ಎಲ್ಲಿದೆ?” ಅಂತ ಎದ್ದು ಹೋದನಂತೆ. ಅವನದೇನು ತಪ್ಪು ಹೇಳು. 1990ರ ಸಿನಿಮಾ ಅದು, ಒಂದು ವಠಾರದ ಕಥೆ. ವಠಾರ ಅಂದರೆ ನಿನಗೆ ಅಜ್ಜಿ ಮನೆ: ಒಂದೇ ನಲ್ಲಿ, ಕೊಡಗಳ ಸರದಿ, ಗೋಡೆಯಾಚೆಯ ಒಗ್ಗರಣೆ ಘಾಟು, ತಿಂಗಳ ಮೊದಲ ವಾರ ಕೆಮ್ಮುತ್ತ ಬಾಗಿಲಿಗೆ ಬರುವ ಮಾಲೀಕರು. ಮುಖ್ಯಮಂತ್ರಿ ಚಂದ್ರು ಮಾಲೀಕ ರಮಣಮೂರ್ತಿಯಾಗಿ ಬಂದು ನಿಂತರೆ ಸಾಕು, ನಿನಗೆ ನಗು. ನಿನ್ನ ಮಗ ಹುಟ್ಟಿದ್ದೇ ಹನ್ನೊಂದನೇ ಮಹಡಿಯಲ್ಲಿ. ಅವನ ಮನೆ ಬಾಡಿಗೆ ಫೋನಿನಲ್ಲೇ ಸದ್ದಿಲ್ಲದೆ ಹೋಗುತ್ತದೆ. ಎದುರಾದಾಗೆಲ್ಲ ಕಚ್ಚಾಡುವ ಅನಂತನಾಗ್, ವಿನಯಾ ಪ್ರಸಾದ್ ಗುರುತಿಲ್ಲದೆ ಪತ್ರದಲ್ಲಿ ಪ್ರೀತಿಸುತ್ತಾರೆ ಅಂದರೆ, “ಒಂದು ಫೋಟೋ ಕಳಿಸ್ಕೋಬಾರದಿತ್ತಾ?” ಅಂತ ಕೇಳುವ ವಯಸ್ಸು ಅದು. ನ್ಯಾಯವಾದ ಪ್ರಶ್ನೆಯೇ!

ಅದರ ಮೇಲೆ ನೀನು ರಿಮೋಟ್ ಹಿಡಿದು, ನಿಲ್ಲಿಸಿ ನಿಲ್ಲಿಸಿ ವಿವರಿಸಿದೆ. ಶಾಲೆಯಿಂದ ಬಂದ ಮಗುವಿಗೆ ಇನ್ನೊಂದು ಪೀರಿಯಡ್.

ನನಗೆ ಯಾರೂ ವಿವರಿಸಲಿಲ್ಲ. ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡುವಾಗ, ಮನೆಯಲ್ಲಿ ಹಲ್ಲು ತೋರಿಸದ ನಮ್ಮಪ್ಪ, ಹಾಸ್ಯನಟ ನರಸಿಂಹರಾಜು ಕಂಡ ಕೂಡಲೇ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಾನು ತೆರೆ ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದೆ. ಅವರು ನಕ್ಕರೆಂದು ನನಗೂ ನಗು. ಮಾತಿನ ಅರ್ಥ ಎಷ್ಟೋ ವರ್ಷ ಕಳೆದ ಮೇಲೆ ಆಯಿತು. ಕಾಲೇಜಿಗೆ ಹೋಗುವ ಹೊತ್ತಿಗೆ ನಾನೂ ನಿನ್ನ ಮಗನ ಹಾಗೆ ಮೂಗು ಮುರಿದವನೇ, ನರಸಿಂಹರಾಜು ಅಂದರೆ ಬರೀ ಕಿರುಚಾಟ ಅಂತ. ತಿಪಟೂರಿನ ಆ ಮನುಷ್ಯ ಕಂಪನಿ ನಾಟಕದಿಂದ 1954ರ ‘ಬೇಡರ ಕಣ್ಣಪ್ಪ’ಕ್ಕೆ ಬಂದವರು, ರಾಜ್‌ಕುಮಾರ್ ನಾಯಕರಾದ ಅದೇ ಚಿತ್ರಕ್ಕೆ. ಮೈಕಿಲ್ಲದ ಕೊಟ್ಟಿಗೆಯಲ್ಲಿ ಕಟ್ಟಕಡೆಯ ಸಾಲಿಗೂ ಮುಟ್ಟಬೇಕೆಂದು ಪಳಗಿಸಿದ ದನಿ, ಕುಣಿಸಿದ ಹುಬ್ಬು. ಅದನ್ನು ಮೊಬೈಲಿನಲ್ಲಿ ಗೇಣುದ್ದ ದೂರ ಹಿಡಿದರೆ ಕಿರುಚಿದಂತೆ ಕೇಳದೆ ಇನ್ನೇನು? ಅವರನ್ನು ದೊಡ್ಡ ಪರದೆಯಲ್ಲಿ, ನಾಲ್ಕು ಜನ ಕೂಡಿದಾಗ ತೋರಿಸು. ತುಣುಕುಗಳಲ್ಲಿ ಬೇಡ.

ಆದರೆ ಸದ್ಯಕ್ಕೆ ‘ಗಣೇಶನ ಮದುವೆ’, ನರಸಿಂಹರಾಜು ಎರಡನ್ನೂ ಬದಿಗಿಡು. ‘ಪುಷ್ಪಕ ವಿಮಾನ’ದಿಂದ ಶುರು ಮಾಡು. 1987ರದು, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ, ನಮ್ಮ ಶೃಂಗಾರ್ ನಾಗರಾಜ್ ನಿರ್ಮಾಣ. ಇಡೀ ಚಿತ್ರದಲ್ಲಿ ಯಾರೂ ಮಾತಾಡುವುದಿಲ್ಲ, ಹಾಗಾಗಿ ನೀನು ವಿವರಿಸಲು ಹೊರಟರೂ ಹೆಚ್ಚೇನೂ ಸಿಗದು. ಬೆಂಗಳೂರಿನ ವಿಂಡ್ಸರ್ ಮ್ಯಾನರೇ ಅಲ್ಲಿನ ಪುಷ್ಪಕ್ ಹೋಟೆಲು. ಕೆಲಸವಿಲ್ಲದ ಹುಡುಗ, ಕಮಲ್‌ಹಾಸನ್, ಕುಡಿದು ಬಿದ್ದ ಸಾಹುಕಾರನನ್ನು ತನ್ನ ಕೋಣೆಯಲ್ಲಿ ಕಟ್ಟಿಹಾಕಿ, ಅವನ ಹೋಟೆಲು ಕೋಣೆಗೆ ಹೋಗಿ ಮಲಗುತ್ತಾನೆ. ಮಲಗಿದರೆ ನಿದ್ದೆ ಇಲ್ಲ! ಹಳೆಯ ಕೋಣೆಯ ಪಕ್ಕ ಟಾಕೀಸು, ರಾತ್ರಿಯೆಲ್ಲ ಹೊಡೆದಾಟದ ಸದ್ದು. ಆ ಗದ್ದಲವನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಬಂದು ಕೇಳಿದ ಮೇಲೇ ಅವನ ಕಣ್ಣು ಮುಚ್ಚುವುದು. ನಾನು ನಿವೃತ್ತನಾಗಿ ಮಗನ ಮನೆಗೆ ಹೋದ ಮೊದಲ ವಾರ, ಎ.ಸಿ. ಕೋಣೆಯಲ್ಲಿ ಹೊರಳಾಡುತ್ತ ಈ ದೃಶ್ಯವನ್ನೇ ನೆನೆದು ಒಬ್ಬನೇ ನಕ್ಕಿದ್ದೇನೆ. ನಿನ್ನ ಮಗ ಅಲ್ಲಿ ನಗಲಿಕ್ಕಿಲ್ಲ. ಕಟ್ಟಿಹಾಕಿದ ಸಾಹುಕಾರನ ಹೇಲನ್ನು ಉಡುಗೊರೆ ಪೊಟ್ಟಣ ಮಾಡಿ ಸಾಗಿಸುವಲ್ಲಿ ಸೋಫಾದಿಂದ ಕೆಳಗೆ ಬೀಳುತ್ತಾನೆ. ಬೀಳಲಿ, ಮುಖ ಸಿಂಡರಿಸಬೇಡ. ಭಿಕ್ಷುಕ ಸತ್ತು, ಅವನು ಬಚ್ಚಿಟ್ಟ ನೋಟುಗಳಿಗೆ ಜನ ಮುಗಿಬೀಳುವಾಗ ಮಗ ನಿನ್ನ ಕಡೆ ತಿರುಗಿ ನೋಡಬಹುದು. ಆಗಲೂ ಸುಮ್ಮನಿರು.

ಇನ್ನೊಂದು ಮಾತು, ನನಗೂ ಮುಜುಗರದ್ದು. ನಾವು ನಕ್ಕ ಹಳೆಯ ಚಿತ್ರಗಳಲ್ಲಿ ದಪ್ಪಗಿದ್ದವರು, ಕಪ್ಪಗಿದ್ದವರು, ತೊದಲುವವರು, ಕಿವಿ ಕೇಳದವರು ಎಷ್ಟೋ ಸಲ ಸುಮ್ಮನೆ ನಗೆಪಾಟಲು. “ಅವರಿಗೆ ಬೇಜಾರಾಗಲ್ವಾ?” ಅಂತ ಮಗು ಕೇಳಿದರೆ, ಆ ಕಾಲವೇ ಹಾಗಿತ್ತು ಅಂತ ಜಾರಿಕೊಳ್ಳಬೇಡ. ನಾವು ಯೋಚಿಸದೆ ನಕ್ಕೆವು ಅಂತ ಒಪ್ಪಿಕೋ. ಹಾಗೆಯೇ ನಟ ಬಾಲಕೃಷ್ಣರ ಸಂಗತಿಯನ್ನೂ ಹೇಳು. ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ತುಟಿ ನೋಡಿಕೊಂಡು, ಸರಿಯಾದ ಗಳಿಗೆಗೆ ಮಾತು ಎಸೆದು ಸಾವಿರಾರು ಜನರನ್ನು ನಗಿಸಿದವರು ಅವರು.

ಬರುವ ಭಾನುವಾರ ನಿಮ್ಮಲ್ಲಿಗೆ ಬರುತ್ತೇನೆ. ನಿನ್ನ ಅತ್ತೆ ಕೋಡುಬಳೆ ಕರಿಯುತ್ತಿದ್ದಾಳೆ. ‘ಪುಷ್ಪಕ ವಿಮಾನ’ದಲ್ಲಿ ಒಬ್ಬ ಐಸಿನ ಚಾಕು ಹಿಡಿದು ಕೊಲ್ಲಲು ಬರುತ್ತಾನಲ್ಲ, ಅದು ಕರಗುತ್ತೆ ಅಂತ ನಾನು ಪ್ರತಿ ಸಲ ಮುಂಚಿತವಾಗಿ ಬಾಯಿಬಿಟ್ಟು ಇವಳ ಕೈಲಿ ಬೈಸಿಕೊಳ್ಳುತ್ತೇನೆ. ಈ ಸಲ ಬಾಯಿ ತುಂಬ ಕೋಡುಬಳೆ ಇಟ್ಟುಕೊಂಡು ಕೂರುತ್ತೇನೆಂದು ಮರಿಗೆ ಹೇಳು.

ಇತಿ ನಿನ್ನ ಮಾವ