ಹರಿಯೋ ನೀರಲ್ಲಿ ಮೀನಿನ ಊಟ ಎಷ್ಟಿರುತ್ತೆ? ಹೊಂಡಕ್ಕೆ ಮರಿ ಬಿಡುವ ಮುನ್ನ ತಿಳಿಯಿರಿ

ಮಳೆಗಾಲದಲ್ಲಿ ಹಳ್ಳ ತುಂಬಿ ಹರಿಯುವಾಗ ಮೋಟಾರ್ ಹಾಕಿ ಕೃಷಿ ಹೊಂಡ ತುಂಬಿಸೋದು, ಮರುದಿನವೇ ಮೀನುಮರಿ ತಂದು ಬಿಡೋದು. ಹೀಗೆ ಮಾಡುವವರು ಬಹಳ ಜನ. ಹದಿನೈದು ದಿನ ಬಿಟ್ಟು ನೋಡಿದ್ರೆ ಮರಿಗಳು ಸೊರಗಿರುತ್ತವೆ, ಎಷ್ಟೋ ಮರಿ ಕಾಣೋದೇ ಇಲ್ಲ. ಮರಿ ಕೊಟ್ಟವರನ್ನು ಬೈಯುವ ಮೊದಲು ನೀರನ್ನು ಒಮ್ಮೆ ನೋಡಿ. ಅದರಲ್ಲಿ ಊಟ ಇತ್ತಾ?

ಮರಿಗಳ ಊಟ ಯಾವುದು?

ನೀರಲ್ಲಿ ತೇಲಾಡುವ ಅತಿ ಸಣ್ಣ ಜೀವಿಗಳಿಗೆ ಪ್ರಾಣಿ ಪ್ಲವಕ ಅಂತಾರೆ. ಇವು ನೀರಿನ ಹಸಿರು ಪಾಚಿಕಣಗಳನ್ನು ತಿಂದು ಬೆಳೆಯುತ್ತವೆ. ಕಾಟ್ಲಾ ದೊಡ್ಡದಾದ ಮೇಲೂ ಇದನ್ನೇ ಹೆಚ್ಚಾಗಿ ತಿನ್ನುತ್ತೆ. ರೋಹು, ಮೃಗಾಲ್ ಮರಿಗಳಿಗೂ ಆರಂಭದಲ್ಲಿ ಇದೇ ಊಟ. ಮುಖ್ಯವಾಗಿ ಮೂರು ಗುಂಪು:

• ರೋಟಿಫರ್: ಬರಿಗಣ್ಣಿಗೆ ಕಾಣೋದು ಕಷ್ಟ. ಬೆಚ್ಚಗಿನ ನೀರಲ್ಲಿ ಒಂದೆರಡು ದಿನದಲ್ಲೇ ಬೆಳೆದು ಮರಿ ಮಾಡುತ್ತೆ.
• ಡಾಫ್ನಿಯಾ, ಮೊಯಿನಾ: ಚಿಗಟದಂತೆ ಕುಪ್ಪಳಿಸುವ ಚುಕ್ಕಿಗಳು. ಇವಕ್ಕೆ ಸುಮಾರು ಒಂದು ವಾರ ಬೇಕು.
• ಸೈಕ್ಲಾಪ್ಸ್ ಜಾತಿಯವು: ಇನ್ನೂ ನಿಧಾನ, ಎರಡು ವಾರದಷ್ಟು ಹಿಡಿಯುತ್ತೆ.

ಹೊಳೆಯಲ್ಲಿ ಯಾಕೆ ಕಮ್ಮಿ?

ಲೆಕ್ಕ ಸರಳ. ಸೆಕೆಂಡಿಗೆ ಅರ್ಧ ಮೀಟರ್ ಓಡುವ ನೀರು ಒಂದು ದಿನಕ್ಕೆ ಸುಮಾರು 43 ಕಿ.ಮೀ. ಸಾಗುತ್ತೆ, ವಾರಕ್ಕೆ 300 ಕಿ.ಮೀ. ಡಾಫ್ನಿಯಾ ಒಂದು ಸಲ ಮರಿ ಮಾಡೋ ಹೊತ್ತಿಗೆ ಅಷ್ಟು ದೂರ ಕೊಚ್ಚಿಹೋಗಿರುತ್ತೆ! ಹಾಗಾಗಿ ಹರಿಯುವ ನದಿಯಲ್ಲಿ ಬೇಗ ಬೆಳೆಯುವ ರೋಟಿಫರ್‌ಗಳದ್ದೇ ಮೇಲುಗೈ. ದೊಡ್ಡ ಪ್ಲವಕಗಳು ಹೆಚ್ಚಾಗಬೇಕಾದರೆ ನೀರು ನಿಲ್ಲಬೇಕು.

ಮಲೆನಾಡಿನ ಹಳ್ಳಗಳಲ್ಲಿ ಓಟ ಜೋರು, ಮರದ ನೆರಳು ದಟ್ಟ, ನೀರು ತಂಪು. ಅಲ್ಲಿ ಜೀವ ಇರೋದು ಕಲ್ಲಿಗೆ ಅಂಟಿದ ಪಾಚಿ, ಹುಳುಗಳಲ್ಲಿ. ತೇಲುವ ಪ್ಲವಕ ಬಹಳ ಕಮ್ಮಿ. ಬಯಲುಸೀಮೆಯ ಹೊಳೆಗಳಲ್ಲಿ ಬೇಸಿಗೆಯಲ್ಲಿ ಹರಿವು ನಿಂತು ಮಡುಗಳು ಉಳಿದಾಗ, ಬಿಸಿಲೂ ಸಮಯವೂ ಸಿಕ್ಕಿ ಪ್ಲವಕ ಚೆನ್ನಾಗಿ ಹೆಚ್ಚುತ್ತೆ. ಮುಂಗಾರಿನ ಕೆನ್ನೀರು ಬಂದರೆ ಕಥೆ ಮುಗೀತು: ಮಣ್ಣಿನ ಕಣಗಳು ಬಿಸಿಲನ್ನು ತಡೆದು ಪಾಚಿ ಬೆಳೆಯಲು ಬಿಡಲ್ಲ, ಆಹಾರ ಸೋಸಿ ತಿನ್ನುವ ಡಾಫ್ನಿಯಾಗೂ ಅಡ್ಡಿ ಮಾಡುತ್ತವೆ.

ತುಂಗಭದ್ರಾದಂಥ ಜಲಾಶಯದಲ್ಲಿ ನೀರು ವಾರಗಟ್ಟಲೆ ನಿಲ್ಲುವುದರಿಂದ ಪ್ಲವಕ ಹೆಚ್ಚು. ಅಣೆಕಟ್ಟಿಗೆ ಹತ್ತಿರದ ಕಾಲುವೆ ನೀರಲ್ಲೂ ಅದು ಸ್ವಲ್ಪ ಬರುತ್ತೆ. ಕಾಲುವೆ ದೂರ ಹೋದಂತೆ ಸಾಮಾನ್ಯವಾಗಿ ಕಡಿಮೆಯಾಗುತ್ತೆ.

ನೀವು ಏನು ಮಾಡಬೇಕು?

1. ನೀರು ತುಂಬಿಸುವಾಗ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಮುರುಗೋಡು, ಕೊರವದಂಥ ಮರಿ ತಿನ್ನುವ ಮೀನುಗಳು ಒಳಗೆ ಬರಬಾರದು.

2. ನೀರು ತುಂಬಿದ ಮೇಲೆ ಎರಡು ವಾರ ತಡೆಯಿರಿ. ಮಣ್ಣು ಕೆಳಗೆ ಕೂರಲಿ. 10 ಗುಂಟೆ ಹೊಂಡಕ್ಕೆ ಸುಮಾರು 200 ಕೆ.ಜಿ. ಹಸಿ ಸಗಣಿ ಹಾಕಿದರೆ ಪಾಚಿ, ಅದರ ಹಿಂದೆಯೇ ಪ್ಲವಕ ಬರುತ್ತೆ. ಜಾಸ್ತಿ ಸುರಿಯಬೇಡಿ, ನೀರಿನ ಆಮ್ಲಜನಕ ಕಮ್ಮಿಯಾಗುತ್ತೆ.

3. ಪರೀಕ್ಷೆ ಮಾಡಿ. ಹೊಂಡದ ನಾಲ್ಕೈದು ಕಡೆಯಿಂದ ಒಟ್ಟು 50 ಲೀಟರ್ ನೀರನ್ನು ಪ್ಲವಕ ಬಲೆಯಲ್ಲಿ ಸೋಸಿ, ಸಿಕ್ಕಿದ್ದನ್ನು ಗೆರೆ ಇರುವ ಗಾಜಿನ ನಳಿಕೆಗೆ ಹಾಕಿ. ಚಿಟಿಕೆ ಉಪ್ಪು ಹಾಕಿದರೆ ತಳಕ್ಕೆ ಇಳಿಯುತ್ತೆ. 1ರಿಂದ 2 ಮಿ.ಲೀ. ಇದ್ದರೆ ಮರಿ ಬಿಡಬಹುದು.

4. ಬಲೆ ಇಲ್ವಾ? ಗಾಜಿನ ಲೋಟದಲ್ಲಿ ನೀರು ತಗೊಂಡು ಅರ್ಧ ಗಂಟೆ ಇಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಕುಪ್ಪಳಿಸುವ ಚುಕ್ಕಿಗಳು ಕಂಡರೆ ಊಟ ತಯಾರಾಗ್ತಿದೆ ಅಂತ ಅರ್ಥ. ಮೊಣಕೈವರೆಗೆ ಕೈ ಮುಳುಗಿಸಿ ಅಂಗೈ ಕಾಣದಿದ್ದರೆ ಪ್ಲವಕ ಸಾಕಷ್ಟಿದೆ ಅನ್ನೋ ಲೆಕ್ಕವನ್ನು ಕೆಸರು ನೀರಲ್ಲಿ ನಂಬಬೇಡಿ. ಅಲ್ಲಿ ಅಂಗೈ ಮುಚ್ಚೋದು ಮಣ್ಣು.

5. ಒಂದು ಕಡೆ ಹಳ್ಳದ ನೀರು ಬಿಟ್ಟು ಇನ್ನೊಂದು ಕಡೆ ಸದಾ ಹೊರಗೆ ಹರಿಸಬೇಡಿ. ಹೊಂಡವನ್ನೇ ಹೊಳೆ ಮಾಡಿದಂತೆ, ಊಟವೂ ಕೊಚ್ಚಿಹೋಗುತ್ತೆ. ಆವಿಯಾದಷ್ಟು, ಇಂಗಿದಷ್ಟು ತುಂಬಿದರೆ ಸಾಕು. ಆಮ್ಲಜನಕ ಕಮ್ಮಿಯಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಾತ್ರ ಹೊಸ ನೀರು ಕೊಡಿ.

6. ಕೀಟನಾಶಕ ಸಿಂಪಡಿಸಿದ ಗದ್ದೆಯ ಬಸಿನೀರು ಹೊಂಡಕ್ಕೆ ಸೇರಬಾರದು. ಡಾಫ್ನಿಯಾ ಎಷ್ಟು ಸೂಕ್ಷ್ಮ ಅಂದ್ರೆ, ಕೀಟನಾಶಕಗಳ ವಿಷ ಎಷ್ಟು ಅಂತ ಅಳೆಯಲು ಪ್ರಯೋಗಾಲಯಗಳಲ್ಲಿ ಅದನ್ನೇ ಬಳಸುತ್ತಾರೆ. ಮೀನು ಬದುಕಿದರೂ ಅದರ ಊಟ ಸತ್ತಿರಬಹುದು. ಸ್ಪ್ರೇ ಪಂಪನ್ನು ಹಳ್ಳದಲ್ಲಿ ತೊಳೆಯೋದೂ ಬೇಡ.

ಹೊಳೆ ಕೊಡೋದು ನೀರು, ಊಟ ಬೆಳೆಸಬೇಕಾದವರು ನೀವು. ಮರಿಗೆ ಆರ್ಡರ್ ಕೊಡುವ ದಿನ ಗೊತ್ತಾದ ಕೂಡಲೇ ಅದಕ್ಕಿಂತ ಎರಡು ವಾರ ಮೊದಲೇ ಹೊಂಡ ತುಂಬಿಸಲು ಮೊಬೈಲ್‌ನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ಪ್ಲವಕ ಬಲೆ ಬೇಕಿದ್ದರೆ, ಎಷ್ಟು ಮರಿ ಬಿಡಬೇಕು ಅನ್ನೋ ಗೊಂದಲ ಇದ್ದರೆ, ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.