ಬ್ಯಾಲೆನ್ಸ್ ಎಂದರೆ ಏನು?

ಬನ್ನಿ, ಇವತ್ತು ಒಂದು ಇಂಗ್ಲಿಷ್ ಪದ ಕಲಿಯೋಣ. ಇದು ನಮಗೆ ಹೊಸದಲ್ಲ. ದಿನಾ ಬಾಯಲ್ಲಿ ಬರುತ್ತೆ. ಆ ಪದ ಬ್ಯಾಲೆನ್ಸ್.

ಇಂಗ್ಲಿಷಿನಲ್ಲಿ ಇದು ಮೊದಲು ತಕ್ಕಡಿಯ ಹೆಸರು. ತಕ್ಕಡಿಗೆ ಎರಡು ತಟ್ಟೆ. ಎರಡೂ ಸಮ ನಿಂತರೆ ತೂಕ ಸರಿ. ಸೈಕಲ್ ಕಲಿಯುವ ಹುಡುಗನಿಗೆ "ಬ್ಯಾಲೆನ್ಸ್ ಮಾಡೋ" ಅಂತೀವಲ್ಲ, ಅದೂ ಇದೇ ಪದ.

ಹಣದ ಲೆಕ್ಕದಲ್ಲಿ ಮಾತ್ರ ಹುಷಾರಾಗಿರಬೇಕು. ನಾವು ತರಗತಿಯಲ್ಲಿ "ಬ್ಯಾಲೆನ್ಸ್ ಅಂದರೆ ಉಳಿದ ಹಣ" ಎಂದು ಹೇಳಿಕೊಟ್ಟಿದ್ದೆವು. ಅಷ್ಟಕ್ಕೇ ಬಿಟ್ಟದ್ದು ನಮ್ಮ ತಪ್ಪು.

ಒಂದು ದಿನ ಒಬ್ಬ ಅಕ್ಕ ಎರಡು ಪಾಸ್‌ಬುಕ್ ತಂದರು. ಒಂದು ಉಳಿತಾಯದ್ದು. ಇನ್ನೊಂದು ಎಮ್ಮೆ ಸಾಲದ್ದು. ಉಳಿತಾಯದ ಪುಸ್ತಕದಲ್ಲಿ ಬ್ಯಾಲೆನ್ಸ್ 1,850 ರೂಪಾಯಿ. ಸಾಲದ ಪುಸ್ತಕದಲ್ಲಿ 6,400 ರೂಪಾಯಿ. ಅಕ್ಕ ತಾವೇ ಓದಿದರು. ತಾವೇ ಕೂಡಿದರು.

"8,250 ಐತೆ ಮೇಷ್ಟ್ರೇ. ಮಗಳ ಕಾಲೇಜು ಫೀಸಿಗೆ ಸಾಕು" ಅಂದರು.

ಓದಿದ್ದು ಸರಿ. ಕೂಡಿದ್ದೂ ಸರಿ. ಆದರೆ 6,400 ಅವರ ಹಣ ಅಲ್ಲ. ಅವರು ಇನ್ನೂ ಕಟ್ಟಬೇಕಾದ ಸಾಲ. ಇದನ್ನು ಹೇಳುವಾಗ ನಮಗೇ ನಾಚಿಕೆಯಾಯಿತು. ಅಕ್ಕನಿಗೆ ಸಿಟ್ಟು ಬಂತು. "ಎರಡಕ್ಕೂ ಒಂದೇ ಹೆಸರು ಯಾಕೆ ಇಟ್ಟವ್ರೆ?" ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಆದರೆ ನಮ್ಮ "ಬಾಕಿ"ಯೂ ಹೀಗೇ ಅಲ್ಲವೇ? ಬಸ್ಸಿನಲ್ಲಿ ಚಿಲ್ಲರೆ ಇಲ್ಲದೆ ಕಂಡಕ್ಟರ್ ಟಿಕೆಟ್ ಹಿಂದೆ 5 ಎಂದು ಬರೆದುಕೊಡುತ್ತಾರೆ. ಆ ಬಾಕಿ ಅವರು ನಮಗೆ ಕೊಡಬೇಕು. ಅಂಗಡಿಯವರು ನಮ್ಮ ಹೆಸರಿನ ಮುಂದೆ 50 ಎಂದು ಬರೆದರೆ ಆ ಬಾಕಿ ನಾವು ಕೊಡಬೇಕು. ಪದ ಒಂದೇ. ಹಣ ಹೋಗುವ ದಾರಿ ಬೇರೆ.

ಉಳಿತಾಯದ ಪುಸ್ತಕದಲ್ಲಿ ಬ್ಯಾಲೆನ್ಸ್ ಏರಿದರೆ ಒಳ್ಳೆಯದು. ಸಾಲದ ಪುಸ್ತಕದಲ್ಲಿ ಇಳಿದರೆ ಒಳ್ಳೆಯದು. ಅಲ್ಲಿ 0 ಬಂದರೆ ಸಾಲ ತೀರಿತು.

ಇನ್ನೊಂದು ಮಾತೂ ಕೇಳಿರುತ್ತೀರಿ, ಜೀರೋ ಬ್ಯಾಲೆನ್ಸ್ ಖಾತೆ. 2014ರಲ್ಲಿ ಶುರುವಾದ ಜನಧನ ಯೋಜನೆಯ ಖಾತೆ ಇಂಥದ್ದು. ಇದರಲ್ಲಿ ಹಣ ಪೂರ್ತಿ ಖಾಲಿಯಾದರೂ ಅದಕ್ಕಾಗಿ ದಂಡ ಇಲ್ಲ. ಬೇರೆ ಕೆಲವು ಖಾತೆಗಳಲ್ಲಿ ಇಷ್ಟು ಹಣ ಇರಲೇಬೇಕು ಎಂಬ ನಿಯಮ ಇರುತ್ತೆ. ಕಡಿಮೆಯಾದರೆ ಬ್ಯಾಂಕಿನವರು ಮುರಿದುಕೊಳ್ಳುತ್ತಾರೆ. ಖಾತೆ ತೆರೆಯುವಾಗಲೇ ಕೇಳಿಕೊಳ್ಳಿ.

ಆ ಅಕ್ಕ ಈಗ ಒಂದು ಪುಸ್ತಕದ ರಟ್ಟಿನ ಮೇಲೆ "ನಂದು" ಎಂದು ಬರೆದಿದ್ದಾರೆ. ಇನ್ನೊಂದರ ಮೇಲೆ "ಕೊಡೋದು" ಎಂದು ಬರೆದಿದ್ದಾರೆ.

ನೀವೂ ನಿಮ್ಮ ಪಾಸ್‌ಬುಕ್ ತೆಗೆಯಿರಿ. ರಟ್ಟಿನ ಮೇಲೆ ಉಳಿತಾಯ ಎಂದಿದೆಯೋ, ಸಾಲ ಎಂದಿದೆಯೋ ಮೊದಲು ನೋಡಿ. ಆಮೇಲೆ ಕೊನೆಯ ಸಾಲಿನ ಬ್ಯಾಲೆನ್ಸ್ ಓದಿ.