ಬೇಸಿಗೆ ಬಿಡುವಿನ ಎತ್ತು, ಮುಂಗಾರಿನ ನೊಗ

ಸುಗ್ಗಿ ಮುಗಿದ ಮೇಲೆ ನಮ್ಮ ಒಣಬೇಸಾಯದ ಊರುಗಳಲ್ಲಿ ಎತ್ತಿಗೆ ಹೇಳಿಕೊಳ್ಳುವಂಥ ಕೆಲಸ ಇರೋದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಈ ಬಿಡುವು ಇನ್ನೂ ಉದ್ದವಾಗಿದೆ. ಒಣ ಕಣಿಕೆ ತಿನ್ನುತ್ತ ಗೂಟದಲ್ಲಿ ನಿಂತ ಎತ್ತಿಗೆ ರೋಹಿಣಿ ಮಳೆಯ ಮರುದಿನವೇ ನೊಗ ಹಾಕಿ ದಿನವಿಡೀ ಹೊಡೆದರೆ ಹೆಗಲು ಬಾತುಕೊಳ್ಳುತ್ತದೆ. ಬಾವು ಇಳಿಯುವುದರೊಳಗೆ ಹೊಲದ ಹಸಿ ಆರಿರುತ್ತದೆ. ಆ ಹೊತ್ತಿಗೆ ಬಾಡಿಗೆ ಎತ್ತು ಯಾರು ಕೊಡ್ತಾರೆ? ಅದಕ್ಕೇ ನಾನು ಬಿತ್ತನೆಗೆ ಮೂರು ವಾರ ಮುಂಚೆಯೇ ಶುರು ಮಾಡ್ತೇನೆ.

ಮೊದಲ ವಾರ ಖಾಲಿ ಚಕ್ಕಡಿ ಹೂಡಿ ಬೆಳಗಿನ ತಂಪಿನಲ್ಲಿ ಅರ್ಧ ತಾಸು ನಡೆಸುತ್ತೇನೆ. ಬಿಡುವಿನಲ್ಲಿದ್ದ ಎತ್ತಿಗೆ ಸ್ವಲ್ಪ ಸೊಕ್ಕೂ ಇರ್ತದೆ, ಮೊದಲ ದಿನ ಹುಡುಗರ ಕೈಗೆ ಹಗ್ಗ ಕೊಡಬೇಡಿ. ಎರಡನೇ ವಾರ ತಿಪ್ಪೆಗೊಬ್ಬರ ಅರ್ಧ ಹೇರಿ ಹೊಲಕ್ಕೆ ಸಾಗಿಸುವುದು, ಒಂದು ತಾಸು. ಹೇಗೂ ಆಗಬೇಕಾದ ಕೆಲಸವೇ. ಮೂರನೇ ವಾರ ಕುಂಟೆ ಹೂಡಿ ಎರಡು ತಾಸು, ನಡುನಡುವೆ ನಿಲ್ಲಿಸಿ.

ನೊಗ ಇಳಿಸಿದ ಕೂಡಲೇ ಹೆಗಲ ಮೇಲೆ ಅಂಗೈ ಇಟ್ಟು ನೋಡಿ. ಬಿಸಿ ಇದ್ದು, ಮುಟ್ಟಿದರೆ ಎತ್ತು ಸರಿದು ನಿಂತರೆ ತಣ್ಣೀರಿನ ಬಟ್ಟೆ ಇಡಿ, ನೋವು ಹೋಗೋ ತನಕ ನೊಗ ಬೇಡ. ಗಂಟು ಕಟ್ಟಿದರೆ ಪಶುವೈದ್ಯರಿಗೆ ತೋರಿಸಿ. ಬರೆ ಹಾಕುವುದು, ಕುಯ್ಯುವುದು ಖಂಡಿತ ಬೇಡ. ಕೆಲವೊಮ್ಮೆ ತಪ್ಪು ನೊಗದ್ದೇ. ಸಿಬಿರು, ಗಂಟು ಇದ್ದರೆ ಬಡಿಗರ ಕಡೆ ನುಣುಪು ಮಾಡಿಸಿ. ನೊಗಕ್ಕೆ ಗೋಣಿತಟ್ಟು ಸುತ್ತುವುದು ನನಗೆ ಸರಿ ಕಾಣುವುದಿಲ್ಲ. ಬೆವರಿಗೆ ನೆನೆದು ಮುದುಡಿ ಅದೇ ಹೆಗಲು ಉಜ್ಜುತ್ತದೆ.

ನಿಂತ ಎತ್ತಿನ ಪಕ್ಕೆ ನಿಮಿಷಕ್ಕೆ 20ರಿಂದ 30 ಸಲ ಏರಿಳಿಯುತ್ತದೆ. ದುಡಿದಾಗ ಹೆಚ್ಚುವುದು ಸಹಜ. ನೆರಳಲ್ಲಿ ಅರ್ಧ ತಾಸು ನಿಂತರೂ ಇಳಿಯದಿದ್ದರೆ ಕೆಲಸ ಜಾಸ್ತಿಯಾಗಿದೆ ಅಂತಲೇ ಲೆಕ್ಕ, ಮರುದಿನ ಕಡಿಮೆ ಮಾಡಿ. ನಾಲಿಗೆ ಚಾಚಿ ಬಾಯಲ್ಲಿ ಉಸಿರಾಡಿದರಂತೂ ಆ ಕ್ಷಣವೇ ಬಿಚ್ಚಿ, ನೆರಳಿಗೆ ಕಟ್ಟಿ ಮೈಮೇಲೆ ನೀರು ಹಾಕಿ.

ಶಕ್ತಿ ಬರಲಿ ಅಂತ ಹಿಂಡಿ, ನುಚ್ಚು ಒಮ್ಮೆಗೇ ಸುರಿಯೋರಿದ್ದಾರೆ. ಕಾಳು ಹೆಚ್ಚಾಗಿ ಹೊಟ್ಟೆ ಹುಳಿಯಾದರೆ ಎತ್ತು ಸಾಯಲೂಬಹುದು. ನಾನು ಕಾಲು ಕಿಲೋದಿಂದ ಹಿಡಿದು, ಮೂರು ನಾಲ್ಕು ದಿನಕ್ಕೊಮ್ಮೆ ಸ್ವಲ್ಪ ಏರಿಸಿ ಒಂದೂವರೆ ಕಿಲೋಕ್ಕೆ ತರ್ತೇನೆ. ಜೊತೆಗೆ ಒಂದು ಹಿಡಿ ಉಪ್ಪು, ಕುಡಿದಷ್ಟು ನೀರು.

ಚಪ್ಪೆ ರೋಗ, ಗಳಲೆ ರೋಗದ ಲಸಿಕೆಯನ್ನೂ ಮಳೆಗೆ ಮುಂಚೆ ಹಾಕಿಸಬೇಕು. ಹಾಕಿಸಿದ ಮೇಲೆ ಎರಡು ಮೂರು ದಿನ ಹೂಡಬೇಡಿ. ಆ ದಿನಗಳನ್ನು ಮೂರು ವಾರದ ಲೆಕ್ಕದಿಂದ ಹೊರಗಿಡಿ.